ಮೆಸ್ಸೀಯನ ಕೀರ್ತನೆಗಳನ್ನು ಇಡಿಯಾಗಿ ಓದುವ ಬಗೆ

ಬೈಬಲ್ಲಿನ ಕೀರ್ತನೆಗಳಲ್ಲಿ ಮೆಸ್ಸೀಯನ, ಅಂದರೆ ಬರಬೇಕಾದ ‘ಅಭಿಷಿಕ್ತ’ನ ಕುರಿತ ಪ್ರವಾದನೆ ಹುಡುಕುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: 22ನೆಯ ಕೀರ್ತನೆಯ 18ನೆಯ ವಚನ, 69ರಲ್ಲಿ 21, 118ರಲ್ಲಿ 22. ನಮ್ಮ ಬೈಬಲ್ ಓದುವ ಬಳಗದಲ್ಲಿ ನಾನು ಆ ಪಟ್ಟಿಯನ್ನು ಮೊದಲು ಮುಚ್ಚಿಡಿಸುತ್ತೇನೆ. ಇವು ಹಾಡುಗಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ, ಆಮೇಲೆ ಪೆನ್ಸಿಲ್ ಹಿಡಿಯಿರಿ.

ಆರಂಭ ಕೀರ್ತನೆಗಳಿಂದಲ್ಲ, ಎರಡನೆಯ ಸಮುವೇಲನ 7ನೆಯ ಅಧ್ಯಾಯದಿಂದ. ಅರಸ ದಾವೀದನ ಮನೆತನವೂ ಸಿಂಹಾಸನವೂ ಎಂದೆಂದಿಗೂ ಸ್ಥಿರವಾಗಿರುತ್ತವೆ ಎಂದು ಪ್ರವಾದಿ ನಾತಾನನು ಅಲ್ಲಿ ತಿಳಿಸುತ್ತಾನೆ. ಆ ಮಾತು ಮನಸ್ಸಿನಲ್ಲಿದ್ದರೆ 2ನೆಯ ಕೀರ್ತನೆ ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿಯ ‘ಅಭಿಷಿಕ್ತ’ ಮೊದಲಿಗೆ ಯೆರೂಸಲೇಮಿನ ಚೀಯೋನ್ ಬೆಟ್ಟದಲ್ಲಿ ತೈಲಾಭಿಷೇಕ ಪಡೆದ ಅರಸ. ಈ ಹಂತವನ್ನು ಹಾರಿ ನೇರವಾಗಿ ಯೇಸುವಿನ ಹತ್ತಿರ ಹೋಗಬೇಡಿ. ಅರಸನನ್ನು ಅರಸನಾಗಿಯೇ ಕಂಡ ಮೇಲೆ, ಹಾಡು ಅವನ ಅಳತೆಯನ್ನು ಮೀರುವ ಸಾಲುಗಳಿಗೆ ಗುರುತು ಹಾಕಿ. 72ನೆಯ ಕೀರ್ತನೆಯ ಅರಸನು ಬಡವರಿಗೆ ನ್ಯಾಯ ಒದಗಿಸುತ್ತಾನೆ, ಭೂಮಿಯ ಕಟ್ಟಕಡೆಯವರೆಗೂ ಆಳುತ್ತಾನೆ. ಯೆಹೂದದ ಯಾವ ಅರಸನೂ ಅಷ್ಟು ದೂರ ಆಳಲಿಲ್ಲ.

ಅದೇ ದಿನ 89ನ್ನೂ ಓದಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಜಯಘೋಷವಾಗಿ ಕೇಳಿಸುತ್ತದೆ. 37ನೆಯ ವಚನದವರೆಗೆ ದಾವೀದನಿಗೆ ಕೊಟ್ಟ ಒಡಂಬಡಿಕೆಯ ಸಂಭ್ರಮವಿದೆ. 38ರಲ್ಲಿ ಧ್ವನಿಯೇ ಬದಲಾಗುತ್ತದೆ: ನಿನ್ನ ಅಭಿಷಿಕ್ತನನ್ನು ನೀನೇ ತಳ್ಳಿಬಿಟ್ಟೆ, ಅವನ ಕಿರೀಟವನ್ನು ಮಣ್ಣುಪಾಲು ಮಾಡಿದೆ ಎಂದು ಹಾಡುಗಾರನು ದೇವರನ್ನೇ ಕೇಳುತ್ತಾನೆ. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಕೆಡವಿದ ಮೇಲೆ ದಾವೀದನ ಸಿಂಹಾಸನ ಬರಿದಾಯಿತು. ಆದರೂ ಜನರು ಅರಸನ ಹಾಡುಗಳನ್ನು ಬಿಸಾಡಲಿಲ್ಲ. ಸಿಂಹಾಸನದಲ್ಲಿ ಯಾರೂ ಇಲ್ಲದ ಕಾಲದಲ್ಲಿ ಅವನ್ನು ಹಾಡುವುದೆಂದರೆ ಬರಬೇಕಾದವನಿಗಾಗಿ ಕಾಯುವುದೇ. ಪ್ರವಾದನೆಯ ಜೀವ ಇರುವುದು ಇಲ್ಲಿ ಎಂದು ನಾನು ನಂಬಿದ್ದೇನೆ.

22ನೆಯ ಕೀರ್ತನೆಗೆ ಒಂದು ಇಡೀ ಸಂಜೆ ಕೊಡಿ, ಮಾರ್ಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ಪಕ್ಕದಲ್ಲಿ ತೆರೆದಿಡಿ. ‘ಅಭಿಷಿಕ್ತ’ ಎಂಬ ಮಾತು ಈ ಕೀರ್ತನೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಇಲ್ಲಿರುವವನು ನರಳುವ ಒಬ್ಬ ಮನುಷ್ಯ. ಬಟ್ಟೆಗಾಗಿ ಚೀಟು ಹಾಕುವುದು, ತಲೆಯಾಡಿಸಿ ಹಾಸ್ಯ ಮಾಡುವುದು, ‘ನನ್ನ ದೇವರೇ, ನನ್ನ ದೇವರೇ’ ಎಂಬ ಕೂಗು, ಈ ಮೂರೂ ಶಿಲುಬೆಯ ಬಳಿ ಮತ್ತೆ ಬರುತ್ತವೆ. ಗಮನಿಸಿ, ಮಾರ್ಕನಲ್ಲಿ ಅವುಗಳ ಕ್ರಮ ತಿರುವುಮುರುವಾಗಿದೆ: ಕೀರ್ತನೆಯ ಮೊದಲ ಸಾಲು ಅಲ್ಲಿ ಕೊನೆಗೆ ಕೇಳಿಸುತ್ತದೆ. ಬಹಳ ಜನ 18ನೆಯ ವಚನಕ್ಕೇ ಪುಸ್ತಕ ಮುಚ್ಚುತ್ತಾರೆ. ದಯವಿಟ್ಟು ಮುಂದೆ ಓದಿ. 22ನೆಯ ವಚನದಿಂದ ಅದೇ ಬಾಯಿ ಸಭೆಯ ನಡುವೆ ಸ್ತುತಿಸುತ್ತದೆ, 27ರಲ್ಲಿ ಎಲ್ಲ ಜನಾಂಗಗಳೂ ದೇವರ ಕಡೆಗೆ ತಿರುಗುತ್ತವೆ, 31ರಲ್ಲಿ ಇನ್ನೂ ಹುಟ್ಟದ ಜನರಿಗೂ ಸುದ್ದಿ ಮುಟ್ಟುತ್ತದೆ. ಈ ಭಾಗವಿಲ್ಲದೆ ನೋವಿಗೆ ಉತ್ತರವೇ ಇಲ್ಲ.

110ನೆಯದು ಚಿಕ್ಕದು, ಏಳೇ ವಚನ. ಮೊದಲನೆಯದನ್ನು ಮಾರ್ಕ 12ರಲ್ಲಿ ಯೇಸು ಎತ್ತುವ ಪ್ರಶ್ನೆಯೊಂದಿಗೆ, ನಾಲ್ಕನೆಯದನ್ನು ಆದಿಕಾಂಡ 14 ಮತ್ತು ಇಬ್ರಿಯ 7ರಲ್ಲಿ ಬರುವ, ಅರಸನೂ ಯಾಜಕನೂ ಆಗಿದ್ದ ಮೆಲ್ಕಿಜೆದೇಕನೊಂದಿಗೆ ಓದಿದರೆ ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಪ್ರತಿ ಸಾಲನ್ನೂ ಯೇಸುವಿನ ಬಾಯಲ್ಲಿ ಇಡಬೇಡಿ. 41ರ 9ನ್ನು ಯೋಹಾನನ ಸುವಾರ್ತೆ ಯೇಸುವಿನ ಶಿಷ್ಯ ಯೂದನ ದ್ರೋಹಕ್ಕೆ ಹೊಂದಿಸುತ್ತದೆ, ನಿಜ. ಆದರೆ ಅದೇ ಕೀರ್ತನೆಯ 4ರಲ್ಲಿ ಹಾಡುಗಾರನು ತಾನು ಪಾಪ ಮಾಡಿದ್ದೇನೆ ಎನ್ನುತ್ತಾನೆ. 69ರ 5 ಕೂಡ ಹಾಗೆಯೇ. ಅಂಥ ಸಾಲುಗಳನ್ನು ಹಾಡುಗಾರನಿಗೇ ಬಿಡಿ.

ಯೆಹೂದ್ಯರ ಓದನ್ನೂ ಕೇಳಿಸಿಕೊಳ್ಳಿ, ಹಾಡುಗಳು ಮೊದಲು ಅವರವು. 11ನೆಯ ಶತಮಾನದ ರಾಶಿ ಎಂಬ ವ್ಯಾಖ್ಯಾನಕಾರರು 2ನೆಯ ಕೀರ್ತನೆಯನ್ನು ಹಿಂದಿನ ಪಂಡಿತರು ಮೆಸ್ಸೀಯನಿಗೆ ಅನ್ವಯಿಸಿದ್ದನ್ನು ಹೇಳಿ, ನೇರ ಅರ್ಥದಲ್ಲಿ ಅದು ದಾವೀದನದೇ ಎಂದು ಬರೆದರು. ಹೀಬ್ರೂ ಆವೃತ್ತಿ ತೆರೆದಾಗ ವಚನಸಂಖ್ಯೆ ಹಲವು ಕಡೆ ಒಂದು ಹೆಚ್ಚಿರುತ್ತದೆ, ಶೀರ್ಷಿಕೆಯನ್ನೂ ಅಲ್ಲಿ ವಚನವಾಗಿ ಎಣಿಸುತ್ತಾರೆ. ನಮ್ಮ 22:18 ಅಲ್ಲಿ 22:19.

ಕೊನೆಗೆ 118ಕ್ಕೆ ಬನ್ನಿ, ಆದರೆ ಅದೊಂದನ್ನೇ ಓದಬೇಡಿ. ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದಲ್ಲಿ ಯೆಹೂದ್ಯರು 113ರಿಂದ 118ರವರೆಗಿನದನ್ನು ಒಟ್ಟಾಗಿ ಹಾಡುತ್ತಾರೆ. ನೀವೂ ಆರನ್ನೂ ಒಂದೇ ಸಲಕ್ಕೆ ಓದಿ, ಮನೆ ಕಟ್ಟುವವರು ಬೇಡವೆಂದು ಬಿಟ್ಟ ಕಲ್ಲಿನ ಮಾತು ಬಂದಾಗ ಮತ್ತಾಯ 21:42ನ್ನು ತೆರೆಯಿರಿ.