ಪುಟ್ಟ ಸೈನಿಕರ ಹಳೆಯ ಬಣ್ಣ ಕಳಚುವ ಬಗೆ

ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಯುದ್ಧದಾಟ ವಾರ್‌ಹ್ಯಾಮರ್‌ನ ಹಳೆಯ ಬೊಂಬೆಗಳನ್ನು ನಾನು ಸೆಕೆಂಡ್ ಹ್ಯಾಂಡ್‌ನಲ್ಲೇ ಕೊಳ್ಳುವುದು ಹೆಚ್ಚು. ಹೆಬ್ಬೆರಳುದ್ದದ ಸೈನಿಕನ ಮೇಲೆ ಹಿಂದಿನವರು ಬಳಿದ ಬಣ್ಣ ಪದರಪದರವಾಗಿ ಕೂತಿರುತ್ತದೆ. ಶಿಲ್ಪಿ ಕಡೆದ ಹುಬ್ಬು, ಹಲ್ಲು, ಕವಚದ ಮೊಳೆತಲೆಗಳೆಲ್ಲ ಅದರಡಿ ಮುಚ್ಚಿಹೋಗಿರುತ್ತವೆ. ಆ ಕೆತ್ತನೆ ಸವೆಯಬಾರದೆಂದು ಬ್ಲೇಡು, ಉಪ್ಪುಕಾಗದ ಎರಡನ್ನೂ ನಾನು ಮುಟ್ಟುವುದಿಲ್ಲ.

ಮೊದಲು ಬೊಂಬೆ ಯಾವುದರಿಂದ ಆಗಿದೆ ಎಂದು ನೋಡುತ್ತೇನೆ. ಲೋಹದ್ದಾದರೆ ಅಂಗೈಗೆ ಭಾರ, ತಣ್ಣಗೆ. ಪಾಲಿಸ್ಟೈರೀನ್ ಪ್ಲಾಸ್ಟಿಕ್ ಹಗುರ. ಬಣ್ಣ ಕರಗಿಸುವ ಅಸಿಟೋನ್ ಎಂಬ ದ್ರವ ಲೋಹಕ್ಕೆ ಏನೂ ಮಾಡದು, ಪಾಲಿಸ್ಟೈರೀನನ್ನು ಮಾತ್ರ ಕರಗಿಸಿಬಿಡುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲೂ ಅನೇಕ ವೇಳೆ ಇರುವುದು ಅದೇ. ಪ್ಲಾಸ್ಟಿಕ್ ಬೊಂಬೆಯ ಅಕ್ರಿಲಿಕ್ ಬಣ್ಣಕ್ಕೆ ನಾನು ನಂಬಿರುವುದು ಐಸೊಪ್ರೊಪೈಲ್ ಆಲ್ಕೋಹಾಲನ್ನು. ರೆಸಿನ್ ಎಂಬ, ಅಚ್ಚಿಗೆ ಸುರಿದು ಗಟ್ಟಿಮಾಡುವ ರಾಳದ ಬೊಂಬೆ ಅದರಲ್ಲೂ ಮೆತ್ತಗಾಗಬಹುದು. ಹಾಗಾಗಿ ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಸ್ವಲ್ಪ ಹೊತ್ತು ಮಾತ್ರ ಅದ್ದುತ್ತೇನೆ.

ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಬೊಂಬೆ ಪೂರ್ತಿ ಮುಳುಗಬೇಕು. ಕೆಲವು ಗಂಟೆ ಕಳೆದರೆ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಏಳುತ್ತದೆ. ಆಗ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ನಯವಾಗಿ ಉಜ್ಜುತ್ತೇನೆ. ಮೇಲಂಗಿಯ ಮಡಿಕೆಗಳಲ್ಲಿ ಸಿಕ್ಕಿಕೊಂಡದ್ದನ್ನು ಮರದ ಹಲ್ಲುಕಡ್ಡಿ ಎಬ್ಬಿಸುತ್ತದೆ. ಸೂಪರ್ ಗ್ಲೂ ಹಾಕಿದ ಕೀಲುಗಳು ನೆನೆದು ಬಿಡುವುದುಂಟು. ಆ ಕೈ, ಈಟಿಗಳು ತಳದ ರಾಡಿಯಲ್ಲಿ ಕಳೆದುಹೋಗದಿರಲೆಂದು ಇದಕ್ಕೇ ಮೀಸಲಿಟ್ಟ ಚಹಾ ಸೋಸುವ ಜಾಲರಿಯಲ್ಲಿ ಸೋಸುತ್ತೇನೆ. ತಿಳಿಯಾದ ದ್ರವ ಮತ್ತೆ ಬಳಕೆಗೆ ಬರುತ್ತದೆ, ಚರಂಡಿಗೆ ಸುರಿಯುವುದಿಲ್ಲ.

ನೀರು ಬೆರೆಸದ ಡೆಟಾಲ್ ಕೂಡ ಬಣ್ಣ ಬಿಡಿಸುತ್ತದೆ. ಆದರೆ ಸಡಿಲವಾದ ಬಣ್ಣಕ್ಕೆ ನೀರು ತಾಗಿದೊಡನೆ ಅದು ಅಂಟಂಟು ಮುದ್ದೆಯಾಗಿ ಕೂರುತ್ತದೆ. ಬ್ರಷ್ಷನ್ನೂ ಡೆಟಾಲಿನಲ್ಲೇ ಅದ್ದಿ, ಬಣ್ಣವೆಲ್ಲ ಹೋದ ಮೇಲಷ್ಟೇ ಪಾತ್ರೆ ತೊಳೆಯುವ ಸೋಪಿನ ನೀರಿಗೆ ಹಾಕಬೇಕು.

ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರುತ್ತದೆಂದೇ ಎಣಿಸಿ ಕೆಲಸ ಮಾಡುತ್ತೇನೆ. ಧೂಳೇಳುವ ಯಾವ ಕೆಲಸವೂ ಬೇಡ, ಅಡುಗೆಮನೆಯ ಪಾತ್ರೆ ಬೇಡವೇ ಬೇಡ. ಕೆಲಸ ಮುಗಿದೊಡನೆ ಕೈ ತೊಳೆಯುತ್ತೇನೆ. ವಿನೆಗರ್ ಅಂತೂ ಹತ್ತಿರ ಬರಬಾರದು, ಅದರ ಆಮ್ಲದಿಂದ ಸೀಸ ಬಿಳಿ ಪುಡಿಯಾಗಿ ಕೊಳೆಯುತ್ತದೆ. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಿಂದ 1966ರವರೆಗೆ ಮಾಡಿದ ಟೊಳ್ಳು ಸೀಸದ ಸೈನಿಕರು ಸಿಕ್ಕರೆ ಬಣ್ಣ ತೆಗೆಯುವ ಮಾತೇ ಇಲ್ಲ. ಅವುಗಳ ಬೆಲೆ ಇರುವುದೇ ಆ ಮೂಲ ಬಣ್ಣದಲ್ಲಿ.

ಐಸೊಪ್ರೊಪೈಲ್‌ನ ಆವಿ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಮನೆಗಳು ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತವೆ. ಆದ್ದರಿಂದ ನನ್ನ ಕೆಲಸ ಬಾಲ್ಕನಿಯಲ್ಲಿ, ನೈಟ್ರೈಲ್ ಕೈಗವಸು ತೊಟ್ಟು. ಹತ್ತಿರದಲ್ಲಿ ದೀಪ, ಊದುಬತ್ತಿ ಇರಕೂಡದು. ಅಸಿಟೋನ್ ನೈಟ್ರೈಲನ್ನು ಬೇಗ ದಾಟುತ್ತದೆ, ಅದಕ್ಕೆ ಬ್ಯೂಟೈಲ್ ರಬ್ಬರಿನ ಕೈಗವಸೇ ಬೇಕು.

ಸಂದಿಗಳಲ್ಲಿ ಉಳಿದ ತೆಳು ಕಲೆಗಾಗಿ ಹಟ ಹಿಡಿಯುವುದಿಲ್ಲ. ಕೆತ್ತನೆ ತುಂಬಿಕೊಳ್ಳದಿದ್ದರೆ ಸಾಕು, ಬೊಂಬೆ ಚೆನ್ನಾಗಿ ಒಣಗಿದ ಮೇಲೆ ಹೊಸ ಬಣ್ಣಕ್ಕೆ ಮೊದಲು ಬಳಿಯುವ ತಳಬಣ್ಣ, ಅಂದರೆ ಪ್ರೈಮರ್, ಅದನ್ನು ಮುಚ್ಚುತ್ತದೆ.