ಎಂಟು ಕ್ಯೂ ಇದ್ದರೂ ಪ್ಯಾಕೆಟ್ಟೆಲ್ಲ ಒಂದಕ್ಕೇ ಬೀಳ್ತಿದ್ರೆ

ನೆಟ್‌ವರ್ಕ್ ಕಾರ್ಡ್ ಬಂದ ಪ್ಯಾಕೆಟ್‌ಗಳನ್ನ ಹಲವು ಕ್ಯೂಗಳಿಗೆ (ಸಾಲುಗಳಿಗೆ) ಹಂಚಿದ್ರೆ ಪ್ರೊಸೆಸರ್‌ನ ಕೋರ್‌ಗಳೆಲ್ಲ ಕೆಲಸ ಹಂಚಿಕೊಳ್ತವೆ. ನನ್ನ ಲಿನಕ್ಸ್ ಸರ್ವರ್‌ನಲ್ಲಿ ಮಾತ್ರ ಒಂದೇ ಕೋರ್ ಏದುಸಿರು ಬಿಡ್ತಾ, ಉಳಿದ ಏಳು ಕೈಕಟ್ಟಿ ಕೂತಿದ್ವು. ಎರಡು ದಿನ ಡ್ರೈವರ್ ಕೋಡ್ ಕೆದಕಿದೆ. ತಪ್ಪು ಅಲ್ಲಿರಲೇ ಇಲ್ಲ.

ಮೊದಲು ಇಥ್‌ಟೂಲ್‌ಗೆ (ನೆಟ್‌ವರ್ಕ್ ಕಾರ್ಡ್‌ನ ಸ್ಥಿತಿ ನೋಡೋ, ಬದಲಿಸೋ ಕಮ್ಯಾಂಡ್) ದೊಡ್ಡಕ್ಷರದ ಎಸ್ ಕೊಟ್ಟು ಪ್ರತಿ ಕ್ಯೂನ ಎಣಿಕೆ ನೋಡಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ನೋಡಿ. ಎಲ್ಲ ಕ್ಯೂನಲ್ಲೂ ಎಣಿಕೆ ಏರ್ತಿದ್ದು ಕೋರ್ ಮಾತ್ರ ಒಂದೇ ದುಡೀತಿದ್ರೆ ಅದು ಇಂಟರಪ್ಟ್ (ಪ್ಯಾಕೆಟ್ ಬಂತು ಅಂತ ಕಾರ್ಡ್ ಕೋರ್‌ಗೆ ಕೊಡೋ ಸೂಚನೆ) ಹಂಚಿಕೆಯ ಗೋಳು. ಒಂದೇ ಕ್ಯೂ ಏರ್ತಿದ್ರೆ ಹ್ಯಾಶ್ ಕಡೆ, ಅಂದ್ರೆ ಕ್ಯೂ ಆರಿಸೋಕೆ ಕಾರ್ಡ್ ಲೆಕ್ಕ ಹಾಕೋ ಸಂಖ್ಯೆಯ ಕಡೆ ಬನ್ನಿ.

ಕಾರ್ಡ್ ಮಾಡೋದಿಷ್ಟೇ: ವಿಳಾಸ, ಪೋರ್ಟ್‌ಗಳಿಂದ ಹ್ಯಾಶ್ ಲೆಕ್ಕ ಹಾಕಿ, ಅದರ ಕೊನೆಯ ಕೆಲವು ಬಿಟ್ ಹಿಡಿದು ಒಂದು ಕೋಷ್ಟಕದಲ್ಲಿ ಕ್ಯೂ ಸಂಖ್ಯೆ ಹುಡುಕುತ್ತೆ. ಆ ಕೋಷ್ಟಕ ಚಿಕ್ಕಕ್ಷರದ ಎಕ್ಸ್ ಕೊಟ್ಟರೆ ಕಾಣುತ್ತೆ. ನಂದು ಸರಿಯಾಗೇ ಇತ್ತು.

ಸಿಕ್ಕಿಬಿದ್ದದ್ದು ಯುಡಿಪಿ (ಟಿಸಿಪಿಯ ಹಾಗೆ ಮೊದಲು ಸಂಪರ್ಕ ಕಟ್ಟದೆ ಪ್ಯಾಕೆಟ್ ಕಳಿಸೋ ವಿಧಾನ). ಹಲವು ಡ್ರೈವರ್‌ಗಳು ಯುಡಿಪಿಗೆ ಪೋರ್ಟ್ ಲೆಕ್ಕಕ್ಕೇ ತಗೊಳ್ಳಲ್ಲ, ಬರೀ ಐಪಿ ವಿಳಾಸ. ಕಾರಣ ಇದೆ: ಪ್ಯಾಕೆಟ್ ತುಂಡಾದಾಗ ಮೊದಲ ತುಂಡಿನಲ್ಲಷ್ಟೇ ಪೋರ್ಟ್ ಇರುತ್ತೆ, ಉಳಿದವು ಬೇರೆ ಕ್ಯೂಗೆ ಹೋಗಿ ಕ್ರಮ ತಪ್ಪಬಹುದು. ಆದರೆ ನನ್ನ ಹಾಗೆ ಎರಡೇ ಯಂತ್ರಗಳ ನಡುವೆ ಟ್ರಾಫಿಕ್ ಇದ್ರೆ ಹ್ಯಾಶ್ ಯಾವಾಗಲೂ ಒಂದೇ! ಚಿಕ್ಕಕ್ಷರದ ಎನ್ ಜೊತೆ ಆರ್‌ಎಕ್ಸ್-ಫ್ಲೋ-ಹ್ಯಾಶ್ ಯುಡಿಪಿ4 ಅಂತ ಕೇಳಿ ನೋಡಿ. ದೊಡ್ಡಕ್ಷರದ ಎನ್ ಹಾಕಿ ಕೊನೆಗೆ ಎಸ್‌ಡಿಎಫ್‌ಎನ್ ಸೇರಿಸಿದರೆ ಪೋರ್ಟೂ ಲೆಕ್ಕಕ್ಕೆ ಬರುತ್ತೆ. ನಿಮ್ಮ ಪ್ಯಾಕೆಟ್‌ಗಳು ತುಂಡಾಗ್ತಿದ್ರೆ ಮಾತ್ರ ಇದನ್ನ ಮುಟ್ಟಬೇಡಿ.

ಅಂದಹಾಗೆ, ಒಂದೇ ಟಿಸಿಪಿ ಸಂಪರ್ಕ ಇಟ್ಟು ಪರೀಕ್ಷೆ ಮಾಡಿ "ಹಂಚ್ತಿಲ್ಲ" ಅನ್ನಬೇಡಿ. ಅದು ಒಂದೇ ಕ್ಯೂಗೆ ಹೋಗೋದೇ ಸರಿ.