ಕಾಶಿಗೆ ಕಾರಲ್ಲಿ ಹೊರಡೋ ಮೊದ್ಲು ಆಗುಂಬೆ ಒಮ್ಮೆ ಹತ್ತಿ ಇಳಿಸಿ

ನಮ್ಮ ಉಡುಪಿ ಮಂಗಳೂರು ಕಡೆ ಕಾರುಗಳು ದಿನಾ ಓಡೋದು ಸಪಾಟು ರೋಡಲ್ಲಿ. ಕುಂದಾಪುರದಿಂದ ತಲಪಾಡಿವರೆಗೆ ಹೈವೇ 66ರಲ್ಲಿ ಎಷ್ಟು ಓಡಿಸಿದ್ರೂ ಎಂಜಿನ್ನಿಗೆ ಅಂಥ ಲೋಡ್ ಬೀಳೋದಿಲ್ಲ, ಹಾಗಾಗಿ ಎಂಜಿನ್ ತಣ್ಣಗಿಡೋ ದ್ರವ, ಅಂದ್ರೆ ಕೂಲೆಂಟ್, ಚೂರು ಚೂರು ಸೋರ್ತಾ ಇದ್ರೂ, ಕ್ಲಚ್ ಸವೆದಿದ್ರೂ ಗೊತ್ತೇ ಆಗೋದಿಲ್ಲ. ಗೊತ್ತಾಗೋದು ಮನೆಯಿಂದ ಸಾವಿರ ಕಿಲೋಮೀಟರ್ ಆಚೆ, ಮಧ್ಯಾಹ್ನದ ಬಿಸಿಲಲ್ಲಿ, ಹಿಂದೆ ಸೀಟಲ್ಲಿ ಅಮ್ಮ ಕೂತಿರುವಾಗ. ನಮಗೆ ಹಾಗೇ ಆಯ್ತು, ಅದಕ್ಕೇ ಇಷ್ಟು ಬರೀತಿದ್ದೇನೆ.

ಹೊರಡೋಕೆ ಒಂದು ವಾರ ಮುಂಚೆ ಮನೆಯವರನ್ನೆಲ್ಲ ಕೂರಿಸ್ಕೊಂಡು, ಲಗೇಜಿನಷ್ಟೇ ಭಾರ ಹಾಕ್ಕೊಂಡು, ಹೆಬ್ರಿ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿ. 14 ಹೇರ್‌ಪಿನ್ ತಿರುವು ಉಂಟು, ಎಸಿ ಹಾಕ್ಕೊಂಡೇ ಹತ್ತಿಸಿ. ಟೆಂಪರೇಚರ್ ಮುಳ್ಳು ದಿನಾ ನಿಲ್ಲೋ ಜಾಗದಿಂದ ಮೇಲೆ ಹೋಗ್ತದಾ, ಕ್ಲಚ್ಚಿಂದ ಸುಟ್ಟ ವಾಸನೆ ಬರ್ತದಾ ನೋಡಿ. ಇಳಿಯುವಾಗ ಸೆಕೆಂಡ್ ಗೇರಲ್ಲೋ ಫಸ್ಟಲ್ಲೋ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿಸಿದ್ರೆ ಬ್ರೇಕ್ ಕಾದು ಹಿಡಿತ ಹೋಗ್ತದೆ. ಸರಿಯಾದ ಗೇರಲ್ಲಿ ಇಳಿದ್ರೂ ಪೆಡಲ್ ಮೆತ್ತಗಾಯ್ತು ಅಂತಾದ್ರೆ ಬ್ರೇಕ್ ಆಯಿಲ್ ತೋರಿಸ್ಲೇಬೇಕು. ಮನೆಗೆ ಬಂದು ಕಾರಿನ ಅಡಿಗೆ ಹಳೇ ಪೇಪರ್ ಹಾಸಿಡಿ, ಬೆಳಿಗ್ಗೆ ಅದ್ರಲ್ಲಿ ಹಸಿರೋ ಗುಲಾಬಿಯೋ ಹನಿ ಬಿದ್ದಿದ್ರೆ ಕೂಲೆಂಟ್, ಕಪ್ಪಾದ್ರೆ ಎಂಜಿನ್ ಆಯಿಲ್, ಬರೀ ನೀರಾದ್ರೆ ಎಸಿದು, ಹೆದರ್ಬೇಡಿ.

ನಾವು ಈ ಪರೀಕ್ಷೆ ಮಾಡಿರ್ಲಿಲ್ಲ. ಗ್ಯಾರೇಜಲ್ಲಿ ಸರ್ವಿಸ್ ಮಾಡಿಸಿ "ಎಲ್ಲ ಓಕೆ" ಅಂತ ಹೇಳಿದ್ದನ್ನ ನಂಬಿ ಹೊರಟಿದ್ದು. ನಾಗಪುರ ದಾಟಿ ಪೆಂಚ್ ಕಾಡಿನ ನಡುವೆ ಹೈವೇ 44ರಲ್ಲಿ ಹೋಗ್ತಾ ಇದ್ವಿ, ಪ್ರಾಣಿಗಳು ಅಡಿಯಿಂದ ದಾಟ್ಲಿ ಅಂತ ರೋಡನ್ನೇ ಎತ್ತರಿಸಿ ಕಟ್ಟಿದ ಜಾಗ ಅದು, ಅಲ್ಲಿ ಮುಳ್ಳು ಅರ್ಧ ದಾಟಿ ಮೇಲೆ ಹೋಗ್ಲಿಕ್ಕೆ ಶುರು. ನಿಲ್ಲಿಸ್ಲಿಕ್ಕೆ ಒಳ್ಳೆ ಜಾಗ ಇಲ್ಲ. ಅಂಥ ಹೊತ್ತಲ್ಲಿ ಎಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಕಿಟಕಿ ಇಳಿಸಿ ನಿಧಾನಕ್ಕೆ ಹೋಗಿ. ಸೆಕೆ ತಡೀಲಿಕ್ಕೆ ಆಗೋದಿಲ್ಲ ಹೌದು, ಆದ್ರೆ ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಎಳ್ಕೊಂಡು ಬರ್ತದೆ, ಸುರಕ್ಷಿತ ಜಾಗದವರೆಗೆ ಹೋಗ್ಲಿಕ್ಕೆ ಅಷ್ಟು ಸಾಕು. ಮುಳ್ಳು ಕೆಂಪಿಗೆ ತಾಗಿದ್ರೆ ಮಾತ್ರ ಒಂದು ಕಿಲೋಮೀಟರೂ ಬೇಡ, ಎಡಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ.

ಕಾಡು ದಾಟಿ ಒಂದು ಢಾಬಾ ಸಿಕ್ತು. ನಿಲ್ಲಿಸಿದ್ದೇ ಬಾವ ಬಾನೆಟ್ ಎತ್ತಿ, ಬೈರಾಸು ಸುತ್ತಿದ ಕೈಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ರು. ನಾನು ಕೂಗಿದ ಕೂಗಿಗೆ ಢಾಬಾದವರೇ ಓಡಿ ಬಂದ್ರು. ದಯವಿಟ್ಟು ಇದೊಂದು ನೆನಪಿಡಿ, ಬಿಸಿ ಇರುವಾಗ ಆ ಮುಚ್ಚಳ ತೆಗೆದ್ರೆ ಒತ್ತಡದಲ್ಲಿರೋ ಕುದಿನೀರು ಮುಖಕ್ಕೇ ಚಿಮ್ಮುತ್ತದೆ, ಬೈರಾಸು ಏನೂ ತಡೆಯೋದಿಲ್ಲ. ಮುಕ್ಕಾಲು ಗಂಟೆ ಕಾಯಿರಿ, ಕೈ ಇಟ್ರೆ ತಣ್ಣಗಿರ್ಬೇಕು. ಎಂಜಿನ್ ಮೇಲೆ ತಣ್ಣೀರು ಸುರೀಲೂಬಾರ್ದು, ಲೋಹ ಬಿರುಕು ಬಿಡ್ತದೆ.

ತಣಿದ ಮೇಲೆ ಟಾರ್ಚ್ ಹಿಡಿದು ನೋಡಿದ್ರೆ, ರೇಡಿಯೇಟರ್ ಕೆಳಗಿನ ಹೋಸ್ ಪೈಪ್ ಸೇರೋ ಜಾಗದಲ್ಲಿ ಗುಲಾಬಿ ಬಣ್ಣದ ಹುಡಿ, ಗೋಡೆಗೆ ಉಪ್ಪು ಹತ್ತಿದ ಹಾಗೆ ಒಣಗಿ ಕೂತಿತ್ತು. ಕೂಲೆಂಟ್ ತಿಂಗಳುಗಟ್ಟಲೆ ಸೋರಿ ಸೋರಿ ಒಣಗಿದ್ದು ಅದು. ಕ್ಲಿಪ್ ಲೂಸ್. ಸ್ಕ್ರೂಡ್ರೈವರಲ್ಲಿ ಬಿಗಿ ಮಾಡಿ, ತಂದಿದ್ದ ಒಂದು ಲೀಟರ್ ಕೂಲೆಂಟ್ ಹಾಕಿದ್ವಿ, ಆಮೇಲೆ ಕಾಶಿವರೆಗೆ ಏನೂ ಆಗ್ಲಿಲ್ಲ. ನೀವು ಮನೆಯಲ್ಲೇ ಪ್ರತಿ ಪೈಪಿನ ತುದಿಯಲ್ಲಿ ಆ ಹುಡಿ ಹುಡುಕಿ. ಕೂಲೆಂಟ್ ಇಲ್ಲದಿದ್ರೆ ಕುಡಿಯೋ ನೀರಾದ್ರೂ ಹಾಕ್ಬಹುದು, ಊರು ಮುಟ್ಟಿದ ಮೇಲೆ ಅದನ್ನ ತೆಗೆಸಿ ಸರಿಯಾದ್ದು ಹಾಕಿಸಿ, ಇಲ್ಲಾಂದ್ರೆ ಒಳಗೆ ತುಕ್ಕು ಹಿಡೀತದೆ. ಸೋರಿಕೆ ಇಲ್ಲ, ಆದ್ರೂ ಹೀಟ್ ಆಗ್ತದೆ ಅಂದ್ರೆ ಎಸಿ ಹಾಕಿ ರೇಡಿಯೇಟರ್ ಫ್ಯಾನ್ ತಿರುಗ್ತದಾ ನೋಡಿ. ತಿರುಗದಿದ್ರೆ ಫ್ಯೂಸ್ ಹೋಗಿರ್ಬಹುದು. ಅಷ್ಟೇ ಆಂಪಿಯರಿನ ಫ್ಯೂಸೇ ಹಾಕಿ, ತಂತಿ ಸುತ್ತಿ ಹಾಕ್ಬೇಡಿ, ಬೆಂಕಿ ಹತ್ತಿದ್ರೆ ಕಾರೇ ಹೋಗ್ತದೆ.

ಪಂಚರ್ ವಿಷಯ ಎಲ್ಲರಿಗೂ ಗೊತ್ತುಂಟು, ಆದ್ರೆ ನಮ್ಮ ಕಡಲ ಗಾಳಿಗೆ ವೀಲ್ ನಟ್ ತುಕ್ಕು ಹಿಡಿದು ಕೂತಿರ್ತದೆ, ಅದ್ರ ಮೇಲೆ ಅಂಗಡಿಯವರು ಮಿಷನಲ್ಲಿ ಬಿಗಿ ಮಾಡಿರ್ತಾರೆ, ರಾತ್ರಿ ರೋಡ್ ಬದಿಯಲ್ಲಿ ನಿಮ್ಮ ಕೈಯಲ್ಲಿ ತಿರುಗೋದಿಲ್ಲ. ಅಂಗಳದಲ್ಲೇ ಒಮ್ಮೆ ನಾಲ್ಕೂ ಚಕ್ರದ್ದು ಸಡಿಲ ಮಾಡಿ ಮತ್ತೆ ಬಿಗಿ ಮಾಡಿ ನೋಡಿ, ಸ್ಪ್ಯಾನರಿಗೆ ಸಿಕ್ಕಿಸ್ಲಿಕ್ಕೆ ಎರಡಡಿ ಕಬ್ಬಿಣದ ಪೈಪ್ ಡಿಕ್ಕಿಯಲ್ಲಿ ಇರ್ಲಿ. ಜಾಕಿ ಅಡಿಗೆ ಇಡ್ಲಿಕ್ಕೆ ಒಂದು ಹಲಗೆ ತುಂಡೂ ಬೇಕು, ಮಳೆ ನೆನೆದ ಕೆಂಪು ಮಣ್ಣಲ್ಲಿ ಜಾಕಿ ಹೂತು ಹೋಗ್ತದೆ. ಎತ್ತೋ ಮೊದ್ಲೇ ನಟ್ ಅರ್ಧ ಸುತ್ತು ಬಿಡಿಸ್ಕೊಳ್ಳಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ಸ್ಟೆಪ್ನಿಗೆ ಗಾಳಿ ಉಂಟಾ ಅಂತ ಹೊರಡುವಾಗ್ಲೇ ನೋಡಿರ್ಬೇಕು. ಟಯರ್ ಬದಿಯಲ್ಲಿ 2319 ಥರ ನಾಲ್ಕು ಅಂಕಿ ಇರ್ತದೆ, ಅಂದ್ರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಟಯರ್ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಆದ್ರೆ ಕಾನೂನು ಪ್ರಕಾರವೂ ಓಡಿಸ್ಲಿಕ್ಕಿಲ್ಲ.

ಎಲ್ಲಿ ಕೆಟ್ರೂ ಮೊದ್ಲು ಜನ ಇಳಿದು ರೋಡಿಂದ ಆಚೆ ಹೋಗ್ಬೇಕು, ಗಾಡಿ ಆಮೇಲೆ. ಪಾರ್ಕಿಂಗ್ ಲೈಟ್ ನಾಲ್ಕೂ ಹಾಕಿ, ಎಚ್ಚರಿಕೆಯ ಕೆಂಪು ತ್ರಿಕೋನ 50 ಮೀಟರ್ ಹಿಂದೆ ಇಡಿ, ಶಿರಾಡಿ ಥರದ ಘಾಟಿಯಲ್ಲಿ ತಿರುವಿಗಿಂತ ಮೊದ್ಲೇ ಇಡಿ, ತಿರುವು ದಾಟಿದ ಮೇಲೆ ಇಟ್ರೆ ಲಾರಿಯವ್ರಿಗೆ ಕಾಣೋದಿಲ್ಲ. ರಾತ್ರಿ ಕಾರಿನ ಹಿಂದೆ ಯಾರೂ ನಿಲ್ಬೇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಿ, ಪೆಟ್ಟಾಗಿದ್ರೆ 112. ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿದ್ರೆ ಅವ್ರಿಗೆ ಜಾಗ ಕೂಡ್ಲೆ ಸಿಗ್ತದೆ. ಶಿರಾಡಿ ಹತ್ತುವಾಗ ಗುಂಡ್ಯ ದಾಟಿದ ಮೇಲೆ ನೆಟ್‌ವರ್ಕ್ ಸರಿ ಸಿಗೋದಿಲ್ಲ, ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಆಟೋಮ್ಯಾಟಿಕ್ ಗೇರಿನ ಕಾರಾದ್ರೆ ಹಗ್ಗ ಕಟ್ಟಿ ಎಳೆಸ್ಬೇಡಿ, ಪೂರ್ತಿ ಮೇಲೆ ಹತ್ತಿಸೋ ಗಾಡಿಯೇ ಬೇಕು ಅಂತ ಫೋನಲ್ಲೇ ಹೇಳಿ. ಮಳೆಗಾಲದಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಪಡೀಲಿನ ಅಂಡರ್‌ಪಾಸಲ್ಲೋ ನೀರಲ್ಲಿ ನಿಂತು ಹೋದ್ರೆ ಸೆಲ್ಫ್ ಹೊಡೀಲೇಬೇಡಿ, ನೀರು ಎಂಜಿನ್ನಿನ ಒಳಗೆ ಹೋಗಿದ್ರೆ ಕನೆಕ್ಟಿಂಗ್ ರಾಡ್ ಬೆಂಡ್ ಆಗ್ತದೆ, ತಳ್ಳಿ ಹೊರಗೆ ತನ್ನಿ.

ಉತ್ತರದ ಕಡೆ ಮೆಕ್ಯಾನಿಕ್ಕಿಗೆ ಮಿಸ್ತ್ರಿ ಅಂತಾರೆ, ಸ್ಪ್ಯಾನರಿಗೆ ಪಾನಾ. ಸ್ಟೆಪ್ನಿ, ಪಂಚರ್ ಎಲ್ಲ ನಮ್ಮ ಹಾಗೇ. ಲಾರಿಗಳು ಸಾಲಾಗಿ ನಿಂತ ಕಡೆ ಕೇಳಿದ್ರೆ ಒಳ್ಳೆ ಕೆಲಸದವರು ಯಾರಂತ ಡ್ರೈವರುಗಳೇ ಹೇಳ್ತಾರೆ. ಕೆಲಸಕ್ಕೆ ಕೈ ಹಾಕೋ ಮೊದ್ಲೇ ರೇಟ್ ಕೇಳಿ, ಬದಲಿಸಿದ ಹಳೇ ಪಾರ್ಟ್ ಕೇಳಿ ತಗೊಳ್ಳಿ, ಊರಿಗೆ ಬಂದ ಮೇಲೆ ನಿಮ್ಮ ಗ್ಯಾರೇಜಿನವ್ರಿಗೆ ಅದನ್ನ ತೋರಿಸ್ಬಹುದು.